ನಾಯಿಯ ಹೆಸರು, ನಿನಗೆ ಗೊತ್ತು

ಇದು ನಡೆದದ್ದು. ನಡೆದ ಹಾಗೆಯೇ ಹೇಳುತ್ತೇನೆ. ಒಂದು ಮಾತು ಸುಳ್ಳಾದರೂ ನಮ್ಮ ಕಿಸುಮುವಿನ ದೊಡ್ಡ ಕೆರೆಯಿಂದ ನೀರಾನೆ ಎದ್ದುಬಂದು ನನ್ನ ನಾಲಿಗೆಯನ್ನು ಬುಡಸಮೇತ ಕಿತ್ತುಕೊಂಡು ಹೋಗಲಿ. ಸತ್ತ ನಾಯಿ ತನ್ನ ನಾಲ್ಕು ಕಾಲ ಮೇಲೆ ನಡೆದು ಕೋರ್ಟಿನೊಳಗೆ ಬಂದದ್ದನ್ನು ಕಣ್ಣಾರೆ ಕಂಡವರು ಎಪ್ಪತ್ತು ಜನ. ಅದರಲ್ಲಿ ಇಪ್ಪತ್ತು ಜನ ಕಳ್ಳರು, ಅವತ್ತು ಅವರದೂ ಕೇಸಿತ್ತು, ಅವರ ಮಾತು ಬೇಡ ಎನ್ನುವುದಾದರೆ ಬಿಡಿ. ಉಳಿದ ಐವತ್ತು ಜನರನ್ನು ಕೇಳಿ ನೋಡಿ.

ಅವತ್ತು ಬೆಳಿಗ್ಗೆ ಅಮೋಂಡಿ ಎದ್ದವಳು ಮುಖ ಕೂಡ ತೊಳೆಯದೆ ಗಿರಣಿಯ ಬಾಗಿಲಿಗೆ ಹೋಗಿ ಬೀಗ ಹಿಡಿದು ಎಳೆದಳು. ಹದಿನೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು. ಬೀಗ ಬರಲಿಲ್ಲ. ಅದು ಅವಳ ಬೀಗವಲ್ಲ, ಸರ್ಕಾರದ್ದು. ಬೀಗದ ಮೇಲೆ ಕೆಂಪು ಅರಗು, ಅರಗಿನ ಮೇಲೆ ಮುದ್ರೆ, ಪಕ್ಕದಲ್ಲಿ ಅಂಟಿಸಿದ ಕಾಗದದ ಮೇಲೆ ಅವಳ ಹೆಸರು. ಅದೇ ಹೆಸರನ್ನು ಗಂಡ ಒಬೂಯ ಒಂದು ಕಾಲದಲ್ಲಿ ಅದೇ ಗೋಡೆಯ ಮೇಲೆ ಮಾರುದ್ದದ ನೀಲಿ ಅಕ್ಷರಗಳಲ್ಲಿ ಬರೆಸಿದ್ದ: ಅಮೋಂಡಿ ನಾಯಿ ಆಹಾರ. ಓದಿದವರು ನಕ್ಕಿದ್ದರು. ಸಂತೆಯಲ್ಲಿ ಹೆಂಗಸರು, 'ಏನಮ್ಮಾ ನಾಯಿಗಳ ತಾಯಿ, ಎಷ್ಟು ಮಕ್ಕಳು?' ಎಂದು ಕೇಳಿದ್ದರು. ಆಗ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, 'ನಿಮ್ಮ ಗಂಡಂದಿರನ್ನು ಬಿಟ್ಟು ಲೆಕ್ಕ ಹೇಳಲೋ, ಸೇರಿಸಿ ಹೇಳಲೋ?' ಎಂದು ತಿರುಗಿಸಿ ಕೊಟ್ಟಿದ್ದಳು. ಆ ಬಾಯಿ ಈಗ ಎಲ್ಲಿ ಹೋಯಿತೋ. ಈಗ ಕಾಗದದ ಮೇಲಿನ ಸಣ್ಣ ಅಕ್ಷರದ ಹೆಸರನ್ನು ನೋಡಿದರೆ ಅದು ಯಾರದೋ ಸತ್ತವರ ಹೆಸರಿನಂತೆ ಕಾಣುತ್ತಿತ್ತು. ಗಿರಣಿಯ ಹಿಂಭಾಗದಿಂದ ನಾಯಿ ಒಂದು ಸಲ ಕುಂಯ್ ಎಂದಿತು. ಅವಳು ಬೆಚ್ಚಿ ಸುತ್ತ ನೋಡಿದಳು. ಸತ್ತ ನಾಯಿ ಹಾಗೆಲ್ಲ ಕುಂಯ್ ಎನ್ನಬಾರದು.

ಅವಳು ಮಾಡುತ್ತಿದ್ದದ್ದು ಇಷ್ಟೇ. ಮೆಕ್ಕೆಜೋಳ, ಮೂಳೆಪುಡಿ, ಮರಳ ಮೇಲೆ ಒಣಗಿಸಿದ ಬೆರಳುದ್ದದ ಮೀನು, ಮೂರನ್ನೂ ಬೀಸಿ, ಬೆರೆಸಿ, ಮೂಟೆ ಹೊಲಿದು ಗುಡ್ಡದ ಮೇಲಿನ ಬಂಗಲೆಗಳಿಗೆ ಮಾರುವುದು. ಮನುಷ್ಯರು ತಿನ್ನುವ ಮೀನನ್ನು ಬಲೆಯ ಮೇಲೆ ಒಣಗಿಸುತ್ತಾರೆ, ನಾಯಿಗಳದ್ದನ್ನು ಮರಳ ಮೇಲೆ. ಅಗಿದರೆ ಹಲ್ಲಿಗೆ ಕರಕರ ಅನ್ನುತ್ತದೆ. ಪ್ರತಿ ಬೀಸಿನಲ್ಲೂ ಮೊದಲ ಹಿಡಿ ಅವಳ ನಾಯಿಗೆ. ಅದು ತಿಂದರೆ ಮೂಟೆಯ ಬಾಯಿ ಹೊಲಿಯಬೇಕು. ತಿನ್ನದಿದ್ದರೆ ಹೊಲಿಯಬಾರದು. ಇದು ಯಾವ ಸರ್ಕಾರದ ಕಾನೂನೂ ಅಲ್ಲ, ಒಬೂಯ ಮಾಡಿದ ಕಾನೂನು. ಹದಿನೆಂಟು ವರ್ಷದಲ್ಲಿ ಮೂರು ನಾಯಿಗಳು ಆ ಕೆಲಸ ಮಾಡಿದ್ದವು, ಒಂದೂ ಒಂದು ಸಲವೂ ಬೇಡ ಎಂದಿರಲಿಲ್ಲ. ಒಂದು ದಿನ ಮಾತ್ರ ಮೂರನೆಯದು ಬೇಡ ಎಂದಿತು. ಒಬೂಯ ಆಸ್ಪತ್ರೆಯ ಮಂಚದ ಮೇಲಿದ್ದ. ಮಳೆಗೆ ನೆನೆದ ಮೆಕ್ಕೆಜೋಳ ಅರ್ಧ ಬೆಲೆಗೆ ಸಿಕ್ಕಿತ್ತು. ಕಾಳಿನ ಬುಡದಲ್ಲಿ ಸಾಸಿವೆಯಷ್ಟು ಹಸಿರು ಬೂಷ್ಟು, ಊದಿದರೆ ಹಾರಿಹೋಗುವಷ್ಟು. ಅವಳು ಊದಿದ್ದಳು. ಹಿಡಿ ಹಿಟ್ಟನ್ನು ಮುಂದಿಟ್ಟಾಗ ನಾಯಿ ಮೂಸಿತು, ತಲೆಯೆತ್ತಿ ಅವಳ ಮುಖ ನೋಡಿತು, ಬಾಲ ಕೂಡ ಅಲ್ಲಾಡಿಸದೆ ಹೋಗಿ ಬಾಗಿಲ ಹೊರಗೆ ಮಲಗಿತು. ಯಜಮಾನ ಮನೆಯಲ್ಲಿಲ್ಲ, ಅದಕ್ಕೇ ಅದಕ್ಕೆ ಊಟ ಸೇರುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ನಲವತ್ತು ಮೂಟೆಯ ಬಾಯನ್ನೂ ಹೊಲಿದಳು. ನಾಯಿಯ ಚಿತ್ರ ಅಚ್ಚು ಹಾಕಿಸಿದ ಚೀಲ ಮುಗಿದಿತ್ತು. ಹೋಟೆಲಿನವರಿಂದ ಕೊಂಡ ಹಳೇ ಹಿಟ್ಟಿನ ಚೀಲ ರಾಶಿ ಬಿದ್ದಿತ್ತು, ಎಲ್ಲದರ ಮೇಲೂ ಕೊಕ್ಕು ಎತ್ತಿ ಕೂಗುವ ಹುಂಜದ ಚಿತ್ರ, ಕೆಳಗೆ 'ಶುದ್ಧ ಜೋಳದ ಹಿಟ್ಟು'. ನಾಯಿಗಳಿಗೇನು ಓದಲು ಬರುತ್ತದೆಯೇ ಎಂದುಕೊಂಡಳು.

ನಾಯಿಗಳಿಗೆ ಬರಲಿಲ್ಲ ನಿಜ. ಗುಡ್ಡದ ಮೇಲೆ ರಸ್ತೆ ಗುತ್ತಿಗೆದಾರನೊಬ್ಬನ ಮೂರು ನಾಯಿಗಳು ಒಂದೇ ವಾರದಲ್ಲಿ ಸತ್ತವು. ಕರುವಿನಷ್ಟು ಎತ್ತರದ ನಾಯಿಗಳು, ಅವಕ್ಕೆ ಚಳಿಗೆ ಅಂಗಿ ಬೇರೆ ಇತ್ತಂತೆ. ಹಿಟ್ಟು ಪರೀಕ್ಷೆಗೆ ನೈರೋಬಿಗೆ ಹೋಯಿತು, ಬೂಷ್ಟಿನ ವಿಷ ಇದೆ ಎಂದು ಕಾಗದ ಬಂತು, ಕಾಗದದ ಹಿಂದೆ ತಪಾಸಣೆಯ ಇನ್‌ಸ್ಪೆಕ್ಟರ್ ಮುತಿಂಡ ಬಂದ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೂಗಾಡುವವನಾಗಿದ್ದರೆ ಅವಳೂ ಕೂಗಾಡುತ್ತಿದ್ದಳು. ಅವನು ಸ್ಟೂಲಿನ ಮೇಲೆ ಕೂತು, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಮಗನ ಹಾಗೆ ಮಾತಾಡಿದ.

'ಅಮ್ಮಾ, ಮೂವತ್ತೊಂಬತ್ತು ಮೂಟೆ ವಾಪಸ್ ತಂದ್ರಿ, ಸುಟ್ಟಿದ್ದಾಯ್ತು. ನಿಮ್ ಪುಸ್ತಕದಲ್ಲೇ ನಲವತ್ತು ಅಂತಿದೆ. ಇನ್ನೊಂದೆಲ್ಲಿ?'

'ಎಲ್ಲಿರತ್ತಪ್ಪ, ಇಲ್ಲೇ ಎಲ್ಲೋ...'

'ನೋಡಿ, ಬಿಡಿಸಿ ಹೇಳ್ತೀನಿ. ಕೆಟ್ಟ ಹಿಟ್ಟು, ಅದು ಒಂದು ತಪ್ಪು. ಚೀಲದ ಮೇಲೆ ನಾಯಿಗೆ ಅಂತ ಬರೀದೇ ಇದ್ದದ್ದು ಇನ್ನೊಂದು. ನಾಯಿಗಳೇ ತಿಂದಿದ್ರೆ ದಂಡ ಹಾಕ್ತಾರೆ, ಗಿರಣಿ ಕೆಲವು ದಿನ ಮುಚ್ಚಿಸ್ತಾರೆ, ಅಷ್ಟೆ. ಆದ್ರೆ ಮನುಷ್ಯರು ಯಾರಾದ್ರೂ ತಿಂದಿದ್ರೆ ಸೆಕ್ಷನ್ನೇ ಬೇರೆ. ಆಗ ಜೈಲು. ಅದಕ್ಕೇ ಕೇಳ್ತಿದೀನಿ. ನಲವತ್ತನೇ ಮೂಟೆ ಯಾರು ತಿಂದ್ರು?'

ಅವನ ಹಿಂದೆ, ಬಾಗಿಲಿನ ಬೆಳಕಿನಲ್ಲಿ, ನಾಯಿ ಕಿವಿ ಕೆರೆದುಕೊಳ್ಳುತ್ತಿತ್ತು. ಅವಳ ಬಾಯಿಂದ ಮಾತು ತಾನಾಗಿ ಬಿತ್ತು. 'ನನ್ನ ನಾಯಿ ತಿಂತಪ್ಪ. ತಿಂದು ಸತ್ತುಹೋಯ್ತು.' ಮುತಿಂಡ ಬರೆದುಕೊಂಡ. 'ಇದ್ಯಾವುದು ಮತ್ತೆ?' ಎಂದು ಬೆರಳು ತೋರಿಸಿದ. 'ಅದು ಬೀದೀದು,' ಎಂದಳು. ನಾಯಿ ಬಂದು ಅವಳ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಮುತಿಂಡ ಅದನ್ನೂ ನೋಡಿದ, ಅವಳನ್ನೂ ನೋಡಿದ, ಟೋಪಿ ಹಾಕಿಕೊಂಡು ಹೋದ. ಅವನಿಗೆ ತಿಳಿಯಿತೇ, ತಿಳಿಯಲಿಲ್ಲವೇ? ಮೂರು ವಾರದಿಂದ ಅವಳು ಅದನ್ನೇ ಅಗಿಯುತ್ತಿದ್ದಳು, ಹಲ್ಲಿಗೆ ಸಿಕ್ಕ ಮರಳಿನ ಹಾಗೆ.

ನಾಯಿಯ ಹೆಸರು ಇಂಗೆಯೊ. ನಮ್ಮ ಕಡೆ ನಾಯಿಗೆ ಹೆಸರಿಡುವುದು ನಾಯಿಗಾಗಿ ಅಲ್ಲ, ಪಕ್ಕದ ಮನೆಯವರಿಗಾಗಿ. ಎದುರಿಗೆ ಹೇಳಲಾಗದ ಮಾತನ್ನು ನಾಯಿಯ ಕುತ್ತಿಗೆಗೆ ಕಟ್ಟಿ ಬಿಡುತ್ತೇವೆ. ಒಬೂಯನ ಏಳು ಕೋಳಿ ಕಳುವಾದಾಗ ಬೇಲಿಯಾಚೆಯವನ ಅಂಗಳದಲ್ಲಿ ಪುಕ್ಕ ಬಿದ್ದಿತ್ತು. ಜಗಳವಾಡಲಿಲ್ಲ ಒಬೂಯ. ನಾಯಿಮರಿ ತಂದು 'ನಿನಗೆ ಗೊತ್ತು' ಎಂದು ಹೆಸರಿಟ್ಟ. ನಮ್ಮ ಮಾತಿನಲ್ಲಿ ಇಂಗೆಯೊ ಎಂದರೆ ಅಷ್ಟೇ. ದಿನಾ ಸಂಜೆ ಬೇಲಿಯ ಬಳಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ: ಇಂಗೆಯೊ! ಇಂಗೆಯೊ! ಬೇಲಿಯಾಚೆಯವನು ಆರು ತಿಂಗಳು ತಡೆದ. ಆಮೇಲೆ ತಾನೂ ಒಂದು ನಾಯಿ ತಂದು 'ನೀನು ನೋಡಿದೆಯಾ' ಎಂದು ಹೆಸರಿಟ್ಟ. ಎರಡು ವರ್ಷ ಆ ಎರಡು ನಾಯಿಗಳನ್ನು ಊಟಕ್ಕೆ ಕರೆಯುವಾಗ ಇಡೀ ಓಣಿಗೆ ವ್ಯಾಜ್ಯ ಕೇಳಿಸುತ್ತಿತ್ತು. ಅಮೋಂಡಿ ಆಗ ಹೊದ್ದ ಬಟ್ಟೆಯ ಅಂಚು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಈಗ ಆ ಹೆಸರು ಹಿಡಿದು ಕರೆಯಲು ನಾಲಿಗೆ ಏಳುತ್ತಿರಲಿಲ್ಲ. ಕರೆದರೆ ತನ್ನನ್ನೇ ಕರೆದ ಹಾಗೆ.

ಅದನ್ನು ಇಲ್ಲದಂತೆ ಮಾಡಲು ಅವಳು ಮಾಡದ್ದಿಲ್ಲ. ಗಿರಣಿಯ ಹಿಂದೆ ನಾಯಿಯುದ್ದದ ಗುಂಡಿ ತೋಡಿ, ಬರೀ ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಟ್ಟಳು. ನಾಯಿ ಪಕ್ಕದಲ್ಲಿ ಕೂತು ಅದನ್ನೆಲ್ಲ ನೋಡಿತು, ಸಂಜೆಗೆ ಅದೇ ಕಲ್ಲಿನ ಮೇಲೆ ಕಾಲೆತ್ತಿತು. ಮೀನಿನ ದೋಣಿಯವನಿಗೆ ಹಣ ಕೊಟ್ಟು ಕೆರೆಯ ಕೊಲ್ಲಿಯ ಆಚೆ ದಡಕ್ಕೆ ಬಿಟ್ಟು ಬಾ ಎಂದು ಕಳಿಸಿದಳು. ಒಂಬತ್ತನೆಯ ದಿನ, ಸುಳ್ಳಲ್ಲ, ಇಡೀ ಕೊಲ್ಲಿಯನ್ನು ಸುತ್ತುಹಾಕಿ, ಪಾದದ ತೊಗಲೆಲ್ಲ ಸವೆದು, ಒಂದು ಕಿವಿ ಹರಿದುಕೊಂಡು ಬಂದು ಹೊಸ್ತಿಲ ಮೇಲೆ ಮಲಗಿತ್ತು. ಕೊನೆಗೊಂದು ಮಧ್ಯಾಹ್ನ, ಗಿರಣಿಗೆ ಇನ್ನೂ ಸರ್ಕಾರದ ಬೀಗ ಬಿದ್ದಿರಲಿಲ್ಲ, ಇದನ್ನು ಅವಳು ಯಾರಿಗೂ ಹೇಳಿಲ್ಲ, ಗಿರಣಿಯ ನೆಲದ ಬಿರುಕಿನಲ್ಲಿ ಉಳಿದಿದ್ದ ಆ ಹಿಟ್ಟನ್ನು ಬೆರಳಲ್ಲಿ ಕೆರೆದು, ಉಂಡೆ ಕಟ್ಟಿ, ನಡುವೆ ಒಳ್ಳೆಯ ಮಾಂಸದ ಚೂರಿಟ್ಟು ಅದರ ಮುಂದೆ ಹಿಡಿದಳು. ಕೈ ನಡುಗಲಿಲ್ಲ, ಅದೇ ಅವಳಿಗೆ ಆಮೇಲೆ ಹೆದರಿಕೆಯಾದದ್ದು. ನಾಯಿ ಮೂಸಿತು. ಮುಖ ನೋಡಿತು. ಉಂಡೆಯನ್ನು ಬಿಟ್ಟು ಅವಳ ಅಂಗೈಯನ್ನು ನೆಕ್ಕಿತು.

ಕೋರ್ಟಿನ ದಿನ ಅದನ್ನು ಗಿರಣಿಯ ಹಿಂದಿನ ಕಂಬಕ್ಕೆ ದಪ್ಪ ಹಗ್ಗದಲ್ಲಿ ಕಟ್ಟಿ, ನೀರಿಟ್ಟು, ತಿರುಗಿ ನೋಡದೆ ಹೊರಟಳು. ಮಟಾಟು ವ್ಯಾನಿನಲ್ಲಿ ಜನ ಉಪ್ಪಿನಕಾಯಿಯ ಹಾಗೆ ಒತ್ತಿಕೊಂಡಿದ್ದರು. ಕಂಡಕ್ಟರ್ ಬಾಗಿಲಿಗೆ ನೇತಾಡುತ್ತ, 'ಏನಕ್ಕಾ, ಇಷ್ಟು ನೀಟಾಗಿ, ಮದುವೆಗಾ?' ಎಂದ. ಅವಳು ಒಬೂಯನ ಶವಸಂಸ್ಕಾರಕ್ಕೆ ಹೊಲಿಸಿದ ಕಪ್ಪು ಉಡುಪು ಹಾಕಿದ್ದಳು. ಅವಳಿಗೆ ಇದ್ದ ಒಳ್ಳೆಯ ಉಡುಪು ಅದೊಂದೇ. ಬಟ್ಟೆಯ ಮಡಿಕೆಯಿಂದ ಇನ್ನೂ ಆ ದಿನದ ಹೊಗೆಯ ವಾಸನೆ ಬರುತ್ತಿತ್ತು. ಹೊಗೆಯ ಹಿಂದೆ ಮೀನಿನ ವಾಸನೆ.

ಆ ದಿನ ಶಾಮಿಯಾನದ ಕೆಳಗೆ ಮುನ್ನೂರು ಜನ. ದೂರದ ನೆಂಟರು ಬರುತ್ತಲೇ ಇದ್ದರು, ಬಂದವರು ಅತ್ತು ಮುಗಿಸಿ ಒಲೆಯ ಕಡೆ ನೋಡುತ್ತಿದ್ದರು. ಅವಳು ಒಳಗೆ, ಪೆಟ್ಟಿಗೆಯ ಪಕ್ಕ, ಕಾಲು ಚಾಚಿ ಕೂತಿದ್ದಳು. ಹಿಟ್ಟು ಮುಗಿಯಿತು ಎಂದು ಯಾರೋ ಹೊರಗೆ ಅಂದರು. ಮೈದುನ ಒಗ್ವೆನೊ, 'ಅತ್ತಿಗೆ ಉಗ್ರಾಣದಲ್ಲಿ ಒಂದು ಮೂಟೆ ಇದೆ, ಹುಂಜದ ಗುರುತಿನದು, ನಾನು ನೋಡಿದ್ದೆ' ಎಂದದ್ದು ಕೇಳಿಸಿತು. ಅದು ನಲವತ್ತನೆಯದು, ಗಾಡಿಯಲ್ಲಿ ಜಾಗವಿಲ್ಲದೆ ಉಳಿದದ್ದು. ಕೇಳಿಸಿತು, ಆದರೆ ಮಾತು ಕಿವಿಯಿಂದ ತಲೆಗೆ ಹೋಗಲು ದಾರಿ ದೂರವಿತ್ತು. ಅದು ತಲುಪುವ ಹೊತ್ತಿಗೆ ಹೊರಗೆ ದೊಡ್ಡ ಹಂಡೆಯಲ್ಲಿ ಗಂಜಿ ಕೊತಕೊತ ಕುದಿಯುತ್ತಿತ್ತು, ಯಾರೋ ಹೆಂಗಸು, 'ಗಂಜಿಗೆ ಮೀನು ಹಾಕ್ದೋಳು ಯಾರೇ? ಕೈಗೆ ಬಂಗಾರದ ಬಳೆ ತೊಡಿಸಬೇಕು ಕಣೇ!' ಎನ್ನುತ್ತಿದ್ದಳು. ಒಗ್ವೆನೊ ನಾಲ್ಕು ಲೋಟ ಕುಡಿದ. ಅತ್ತೆ ಮೂರು ಬಟ್ಟಲು ಕುಡಿದಳು, ಹಲ್ಲಿಲ್ಲದ್ದರಿಂದ ಮರಳು ಸಿಕ್ಕಲಿಲ್ಲ. ಆಮೇಲೆ ಸೋರೆಬುರುಡೆಯ ತುಂಬ ತುಂಬಿಸಿ ಒಳಗೆ ತಂದು, 'ಕುಡಿ ಮಗಳೇ, ಅಳೋಕೂ ಶಕ್ತಿ ಬೇಕು' ಎಂದು ಸೊಸೆಯ ತುಟಿಗೆ ಹಿಡಿದಳು. ಬಾಗಿಲಲ್ಲಿ ನಾಯಿ ನಿಂತಿತ್ತು. ಹಂಡೆಯ ಬಳಿ ಹೋಗಿ ಮೂಸಿ ಹಿಂದೆ ಸರಿದು ಬಂದಿತ್ತು. ಈಗ ಕೂಗಬೇಕು, ಈಗ, ಎಂದು ಅವಳಿಗೆ ಅನ್ನಿಸಿತು. ಕುಡಿಯಬೇಡಿ, ಅದು ನಾಯಿಯದು. ಪೆಟ್ಟಿಗೆಯೊಳಗೆ ಒಬೂಯ ಬಿಳಿ ಅಂಗಿ ಹಾಕಿಕೊಂಡು ಮಲಗಿದ್ದ. ಹೆಂಡತಿ ಅವನ ಸಾವಿನ ದಿನ ಊರಿಗೆಲ್ಲ ನಾಯಿಯ ಊಟ ಹಾಕಿದಳು ಎಂದು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಮುನ್ನೂರು ಜನ ಉಗಿಯುವ ಸದ್ದು ಅವಳಿಗೆ ಆಗಲೇ ಕೇಳಿಸಿತು. ಅವಳು ಬಾಯಿ ತೆರೆದಳು. ಕುಡಿದಳು. ಹಲ್ಲಿಗೆ ಮರಳು ಕರಕರ ಅಂದಿತು.

'ಅಕ್ಕಾ, ಹಿಂದೆ ನಾಯೊಂದು ಓಡಿಬರ್ತಿದೆ ನೋಡು, ನಿಂದಾ?' ಎಂದ ಕಂಡಕ್ಟರ್. 'ಟಿಕೆಟ್ ತಗೊಳ್ಳೋದಾದ್ರೆ ನಿಲ್ಲಿಸ್ತೀನಿ, ಸೀಟು ಮಾತ್ರ ಇಲ್ಲ, ನಿನ್ ಹಾಗೇ ನಿಂತ್ಕೋಬೇಕು.' ವ್ಯಾನೆಲ್ಲ ನಕ್ಕಿತು. ಅವಳು ಹಿಂದಿನ ಗಾಜಿನ ಕಡೆ ತಿರುಗಲಿಲ್ಲ. ನಾಯಿಗಳು ಎಷ್ಟೋ ಓಡುತ್ತವೆ ರಸ್ತೆಯಲ್ಲಿ. ಕಟ್ಟಿದ ಹಗ್ಗ ಎಮ್ಮೆಯನ್ನೂ ಹಿಡಿಯುವಂಥದ್ದು.

ಒಬೂಯನನ್ನು ಮಣ್ಣು ಮಾಡಿದ ಮಾರನೆಯ ದಿನದಿಂದ ಶುರುವಾಗಿತ್ತು. ಹನ್ನೊಂದು ಜನಕ್ಕೆ ವಾಂತಿ. ಅವಳಿಗೂ ಆಯಿತು, ಗಂಡ ಸತ್ತ ದುಃಖ ಎಂದು ಎಲ್ಲರೂ ತಲೆ ನೇವರಿಸಿದರು. ಉಳಿದವರು ಒಂದು ವಾರಕ್ಕೆ ಎದ್ದರು, ಅತ್ತೆ ಏಳಲಿಲ್ಲ. ಮುದುಕಿಯ ಕಣ್ಣು ಮಾಗಿದ ಮಾವಿನ ಹಾಗೆ ಹಳದಿಯಾಯಿತು. ಇದು ಚಿರಾ ಎಂದರು ಹಿರಿಯರು. ಮನೆಯ ಕಟ್ಟಳೆ ಮುರಿದಾಗ ಮನೆಗೆ ಬಡಿಯುವ ಶಾಪ. ಮುರಿದವರು ಯಾರು? ಹುಡುಕಿದರು. ಒಗ್ವೆನೊನ ಹೆಂಡತಿ ಅಕೇಯೊ, ನಕುರು ಪೇಟೆಯಲ್ಲಿ ಬೆಳೆದವಳು, ಇನ್ನೂ ಮದುವೆಯಾಗಿ ವರ್ಷವಾಗದವಳು, ಬಸುರಿ, ಅಡಿಗೆಮನೆಯ ಹಿಂದೆ ಒಂದು ಹಿಡಿ ಹುರುಳಿಕಾಯಿ ಬೀಜ ಊರಿದ್ದಳು. ಅತ್ತೆ ಬಿತ್ತುವ ಮೊದಲೇ! ಮೊದಲು ಅತ್ತೆ, ಆಮೇಲೆ ಹಿರಿಸೊಸೆ, ಕೊನೆಗೆ ಕಿರಿಸೊಸೆ. ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿರುವ ಮಾತು. ಅಕೇಯೊ ಅತ್ತು ಕಾಲಿಗೆ ಬಿದ್ದಳು. ಬೀಜಗಳನ್ನು ಒಂದೊಂದಾಗಿ ಮಣ್ಣಿಂದ ಅಗೆದು ತಂದು ಅತ್ತೆಯ ಮಂಚದ ಬಳಿ ಇಟ್ಟಳು, ಮೊಳಕೆ ಬಂದಿದ್ದವು. ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ಆಸ್ಪತ್ರೆ ಬೇಡ, ಚಿರಾಕ್ಕೆ ಆಸ್ಪತ್ರೆಯಲ್ಲಿ ಏನಿದೆ? ಬೇರು ಅರೆದು ಕುಡಿಸುತ್ತಿದ್ದರು. ಬೀಜ ಊರಿದವಳು ಮನೆ ಬಿಟ್ಟು ಹೋದರೆ ಮುದುಕಿ ಏಳುತ್ತಾಳೆ ಎಂದು ತೀರ್ಮಾನವಾಯಿತು. ಅಮೋಂಡಿ ಆ ಸಭೆಯಲ್ಲಿದ್ದಳು. ಹಿರಿಸೊಸೆ, ನೀನೇನಂತೀಯಾ ಎಂದು ಕೇಳಿದಾಗ, 'ಹಿರಿಯರು ಹೇಳಿದ ಹಾಗೆ' ಎಂದಿದ್ದಳು. ಅಷ್ಟು ಹೇಳಿ, ಎದ್ದು ಹೋಗಿ, ಬೇಲಿಯ ಬಳಿ ಮತ್ತೆ ವಾಂತಿ ಮಾಡಿದ್ದಳು. ಈ ಸಲ ಹಿಟ್ಟಿನದ್ದಲ್ಲ.

ಕೋರ್ಟಿನ ಬೆಂಚಿನ ಮೇಲೆ ಅವಳ ಒಂದು ಪಕ್ಕ ಸೈಕಲ್ ಕಳ್ಳ, ಇನ್ನೊಂದು ಪಕ್ಕ ಒಗ್ವೆನೊ. ಅತ್ತಿಗೆ ಒಬ್ಬಳೇ ಹೋಗಬಾರದು ಎಂದು ಕೆಲಸ ಬಿಟ್ಟು ಬಂದಿದ್ದ. ಅವನ ಒಳ್ಳೆಯತನ ಅವಳ ತೊಡೆಗೆ ತಾಗುತ್ತಿತ್ತು, ಬಿಸಿಯಾಗಿ.

'ಅಕೇಯೊ?' ಎಂದಳು ಮೆಲ್ಲಗೆ.

'ಇವತ್ತು ಹನ್ನೆರಡು ಗಂಟೆ ಬಸ್ಸಿಗೆ ಹೋಗ್ತಾಳೆ. ಅವ್ವ ಬದುಕಬೇಕಲ್ಲ ಅತ್ತಿಗೆ.' ಅವನು ಗೋಡೆಯ ಗಡಿಯಾರ ನೋಡಿದ. 'ಹೊಟ್ಟೇಲಿ ಕೂಸು. ಏನ್ ಮಾಡೋದು, ಅವಳೇ ಮಾಡ್ಕೊಂಡಿದ್ದು.'

ಸೈಕಲ್ ಕಳ್ಳ ನಡುವೆ ಬಾಯಿ ಹಾಕಿದ. 'ನಿಮ್ದೇನಮ್ಮ ಕೇಸು?'

'ನಾಯಿ ಊಟದ್ದು.'

'ಕದ್ರಾ?'

'ಇಲ್ಲ, ಮಾಡ್ದೆ.'

'ಅಯ್ಯೋ, ಕದಿಯೋದೇ ವಾಸಿ ಕಣಮ್ಮ,' ಎಂದ ಅವನು, ನಿಜವಾದ ಕನಿಕರದಿಂದ.

ಮ್ಯಾಜಿಸ್ಟ್ರೇಟ್ ಸಮುದ್ರದ ಕಡೆಯವನು, ನಮ್ಮ ಮಾತು ಬಾರದವನು, ಮೇಲೆ ನೆಗಡಿ. ಕೆಳಗೆ ಕೂತ ಗುಮಾಸ್ತ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಮಾತು ದಾಟಿಸುತ್ತಿದ್ದ. ಅಮೋಂಡಿ ಕಟಕಟೆ ಹತ್ತಿ, ಬೈಬಲ್ ಮುಟ್ಟಿ, ನಿಜವನ್ನೇ ಹೇಳುತ್ತೇನೆ ಎಂದಳು. ಪುಸ್ತಕದ ಹೊದಿಕೆ ಬೆವರಿಗೆ ಜಿಗುಟಾಗಿತ್ತು. ಎಷ್ಟು ಜನರ ಕೈ ಇದರ ಮೇಲೆ, ಎಲ್ಲರೂ ಹೀಗೇ ಒತ್ತಿರಬೇಕು. ಮುತಿಂಡ ಎದ್ದು ಓದಿದ. ಕೆಟ್ಟ ಹಿಟ್ಟು, ಸುಳ್ಳು ಚೀಲ, ಸತ್ತ ಮೂರು ನಾಯಿ, ನಲವತ್ತರಲ್ಲಿ ಮೂವತ್ತೊಂಬತ್ತು. ಓದುವಾಗ ಅವಳ ಮುಖ ನೋಡಲಿಲ್ಲ. ಒಪ್ಪಿಕೊಂಡಳು. ಮ್ಯಾಜಿಸ್ಟ್ರೇಟ್ ಮೂಗು ಒರೆಸಿಕೊಂಡು, ಉಳಿದ ಮೂಟೆಯನ್ನು ಮನುಷ್ಯರು ಯಾರಾದರೂ ತಿಂದರೋ ಎಂದು ಕೇಳಿದ. ಇಲ್ಲ, ತನ್ನ ನಾಯಿ ತಿಂದಿತು, ತಿಂದು ಸತ್ತಿತು ಎಂದಳು. ಮಾತು ಸರಾಗವಾಗಿ ಬಂತು, ಮೂರು ವಾರ ಬಾಯಲ್ಲಿಟ್ಟು ನುಣ್ಣಗೆ ಮಾಡಿದ್ದಳು. ಗಡಿಯಾರದಲ್ಲಿ ಹನ್ನೊಂದೂವರೆ. ಇನ್ನೇನು ದಂಡ ಹೇಳುತ್ತಾನೆ. ಗಿರಣಿಯ ಬೀಗ ತೆಗೆಯುತ್ತಾರೆ. ಹನ್ನೆರಡಕ್ಕೆ ಬಸ್ಸು ಹೊರಡುತ್ತದೆ.

'ಬರ್ಕೋ,' ಎಂದ ಮ್ಯಾಜಿಸ್ಟ್ರೇಟ್ ಗುಮಾಸ್ತನಿಗೆ. 'ಸತ್ತ ನಾಯಿ ಒಂದು. ಹೆಸರೇನು ಕೇಳು, ಕಾಗದದಲ್ಲಿ ಕಾಲಂ ಇದೆ.'

'ನಾಯಿ ಹೆಸರೇನಮ್ಮ?'

'ಇಂಗೆಯೊ.'

ಗುಮಾಸ್ತ ತಲೆ ಕೆರೆದುಕೊಂಡ. 'ನಿಮಗೆ ಗೊತ್ತು ಅಂತಿದಾಳೆ, ಸ್ವಾಮಿ.'

'ನನಗೆ ಹೇಗಯ್ಯ ಗೊತ್ತಿರತ್ತೆ? ಅವಳ ನಾಯಿ ನನ್ನ ನೆಂಟನಾ? ಸರಿಯಾಗಿ ಕೇಳು.'

'ಜೋರಾಗಿ ಹೇಳಮ್ಮಾ, ನಾಯಿ ಹೆಸರು!'

'ಇಂಗೆಯೊ!'

'ಮತ್ತೂ ಹಾಗೇ ಅಂತಿದಾಳೆ, ಸ್ವಾಮಿ. ನಿಮಗೆ ಗೊತ್ತಂತೆ.'

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಮ್ಯಾಜಿಸ್ಟ್ರೇಟ್ ಮೇಜು ಕುಟ್ಟಿದ. 'ಕೋರ್ಟಲ್ಲಿ ತಮಾಷೆನಾ? ಕೊನೇ ಸಲ ಕೇಳ್ತಿದೀನಿ ಅಂತ ಹೇಳು. ಆ ನಾಯಿ ಹೆಸರೇನು?'

ಅವಳಿಗೆ ಅಳು ಬಂತು, ಅಳುವಿನೊಳಗಿಂದಲೇ ಮಾತು ಕಿರುಚಾಗಿ ಹೊರಬಂತು, ಒಬೂಯ ಬೇಲಿಯ ಬಳಿ ನಿಂತು ಕೂಗುತ್ತಿದ್ದ ಹಾಗೆಯೇ, ಅದೇ ಎಳೆತ, ಅದೇ ರಾಗ. 'ಇಂಗೆಯೋ...!'

ಹೊರಗೆ ಯಾರೋ, 'ಹಿಡೀರಿ, ಹಿಡೀರಿ' ಎಂದರು. ಪೊಲೀಸಿನವನ ಕಾಲ ಸಂದಿಯಿಂದ ನುಸುಳಿ, ಬೆಂಚುಗಳ ನಡುವಿನ ದಾರಿಯಲ್ಲಿ, ಅರ್ಧ ಕಡಿದ ಹಗ್ಗ ಎಳೆಯುತ್ತ, ಹರಿದ ಕಿವಿಯ ನಾಯಿ ನಡೆದು ಬಂತು. ಓಡಲಿಲ್ಲ. ಕರೆದರಲ್ಲ, ಬಂದೆ ಎನ್ನುವ ಹಾಗೆ ಬಂತು. ಕಟಕಟೆಯ ಕೆಳಗೆ ಕೂತು, ತಲೆಯೆತ್ತಿ ಅವಳ ಮುಖ ನೋಡಿತು.

'ಇದ್ಯಾವ ನಾಯಿ?' ಎಂದ ಮ್ಯಾಜಿಸ್ಟ್ರೇಟ್.

ಗುಮಾಸ್ತ ಅವಳನ್ನು ನೋಡಿದ, ನಾಯಿಯನ್ನು ನೋಡಿದ, ತಾನು ಬರೆದದ್ದನ್ನು ನೋಡಿದ. 'ಸತ್ತದ್ದು, ಸ್ವಾಮಿ.'

ಆಗ ಎದ್ದ ನಗುವಿಗೆ ಚಾವಣಿಯ ಪಾರಿವಾಳಗಳೆಲ್ಲ ಹಾರಿಹೋದವು. ಕಳ್ಳರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಗುತ್ತಿದ್ದರು. ಅಮೋಂಡಿಗೆ ಆ ನಗು ಕೇಳಿಸಲಿಲ್ಲ. ಇದೂ ಬೀದಿಯದು ಎನ್ನಬಹುದಿತ್ತು. ಆ ನಾಯಿ ಸತ್ತಿತು, ಇದು ಅದರ ತಮ್ಮ ಎನ್ನಬಹುದಿತ್ತು. ಮುತಿಂಡ ತಲೆ ಬಗ್ಗಿಸಿಕೊಂಡು ಕೂತಿದ್ದ, ಅವಳು ಹಾಗೆ ಹೇಳಿದ್ದರೆ ಅದನ್ನೂ ಬರೆದುಕೊಳ್ಳುತ್ತಿದ್ದ. ಮಾತುಗಳು ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಆದರೆ ಬಾಗಿಲಲ್ಲಿ, ನಾಯಿ ಬಂದ ದಾರಿಯಲ್ಲಿ, ಅಕೇಯೊ ನಿಂತಿದ್ದಳು. ತಲೆಯ ಮೇಲೆ ಬಟ್ಟೆಯ ಗಂಟು, ಒಂದು ಕೈ ಹೊಟ್ಟೆಯ ಮೇಲೆ, ಏದುಸಿರು. ಬಸ್ಸಿಗೆ ಹೋಗುವ ಮುಂಚೆ ಅಕ್ಕನಿಗೆ ಹೇಳಿ ಹೋಗೋಣ ಎಂದು ಬಂದವಳು, ಹೊರಗೆ ನಾಯಿಯ ಹಗ್ಗ ಹಿಡಿದುಕೊಂಡು ಕಾಯುತ್ತಿದ್ದವಳು, ಈಗ ಎಲ್ಲರ ಮುಂದೆ ತಪ್ಪು ಮಾಡಿದವಳ ಹಾಗೆ, 'ಕ್ಷಮಿಸಿ ಅಕ್ಕಾ, ಕೈಗೆ ನಿಲ್ಲಲಿಲ್ಲ' ಎಂದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಬೀಜ ಅಗೆದ ಮಣ್ಣು. ಅಮೋಂಡಿ ಅದನ್ನೇ ನೋಡಿದಳು. ಅಷ್ಟು ದೂರದಿಂದ ಉಗುರಿನ ಮಣ್ಣು ಹೇಗೆ ಕಾಣುತ್ತದೆ ಎಂದು ನೀವು ಕೇಳಬಹುದು. ಕಂಡಿತು.

'ನಾಯಿ ತಿನ್ನಲಿಲ್ಲ, ಸ್ವಾಮಿ,' ಎಂದಳು. 'ಅದು ಮೂಸಿ ಬಿಟ್ತು. ಮೊದಲ ದಿನಾನೇ ಬಿಟ್ತು, ನಾನು ನೋಡ್ದೆ, ನೋಡೇ ಮೂಟೆ ಹೊಲಿದೆ. ನಲವತ್ತನೇದು ನಾವು ತಿಂದ್ವಿ. ನನ್ನ ಗಂಡನ ಸಾವಿಗೆ ಬಂದೋರೆಲ್ಲ ತಿಂದ್ವಿ. ನಮ್ಮತ್ತೆ ಮೂರು ಬಟ್ಟಲು ಕುಡಿದ್ರು. ಅವರ ಕಣ್ಣು ಹಳದಿಯಾಗಿದೆ. ಅದು ಚಿರಾ ಅಲ್ಲ. ಹುರುಳಿಕಾಯಿ ಬೀಜಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಬೇರು ಕುಡಿಸೋದು ನಿಲ್ಲಿಸಿ, ಡಾಕ್ಟರಿಗೆ ಹೇಳಿ ಯಾರಾದ್ರೂ.'

ಗುಮಾಸ್ತ ದಾಟಿಸಲಿಲ್ಲ. ಅವನ ಬಾಯಿ ತೆರೆದೇ ಇತ್ತು. ಆಮೇಲೆ ತಿಳಿದದ್ದು, ಅವನೂ ಆ ಗಂಜಿ ಕುಡಿದವರಲ್ಲೊಬ್ಬ. ಒಗ್ವೆನೊ ನಿಂತುಕೊಂಡ, ಕೂತ, ಮತ್ತೆ ನಿಂತ. 'ಅತ್ತಿಗೆ,' ಎಂದ, 'ಮೂಟೆ ಹೊತ್ತಿದ್ದು ನಾನು.' ಅಷ್ಟೇ ಎಂದ. ಆಮೇಲೆ ಬೆಂಚು ದಾಟಿ, ಜ್ವರ ಬಂದವನ ಹಾಗೆ ತೂರಾಡುತ್ತ ಬಾಗಿಲಿಗೆ ಹೋಗಿ, ಹೆಂಡತಿಯ ತಲೆಯ ಮೇಲಿನ ಗಂಟನ್ನು ಕೆಳಗಿಳಿಸಿ ತನ್ನ ಎದೆಗೆ ಅವುಚಿಕೊಂಡ. ಅವಳನ್ನಲ್ಲ, ಗಂಟನ್ನು. ಅಮೋಂಡಿಯ ಕಡೆ ತಿರುಗಿ ನೋಡಲಿಲ್ಲ. ಅವತ್ತೂ ನೋಡಲಿಲ್ಲ, ಇವತ್ತಿನವರೆಗೂ ನೋಡಿಲ್ಲ. ಮುತಿಂಡ ಮಾತ್ರ ತನ್ನ ಜೀಪಿನ ಕೀಲಿ ತೆಗೆದು ಕೈಕೆಳಗಿನವನಿಗೆ ಕೊಟ್ಟು, 'ಓಡು, ಆ ಅಜ್ಜೀನ ಆಸ್ಪತ್ರೆಗೆ ಹಾಕು, ಏನ್ ತಿಂದಿದ್ರು ಅಂತ ಮರೀದೆ ಹೇಳು' ಎಂದ. ಕಟಕಟೆಯ ಮರ ಹಿಡಿದ ಅವಳ ಕೈ ಈಗ ನಡುಗಲು ಶುರುವಾಗಿತ್ತು. ಕೆಳಗಿನಿಂದ ನಾಯಿ ಎದ್ದು ನಿಂತು, ಮುಂಗಾಲು ಮರದ ಮೇಲಿಟ್ಟು, ಆ ಕೈಯನ್ನು ಮೂಸಿತು.

ಗಿರಣಿ ಹೋಯಿತು. ಯಂತ್ರ ಮಾರಿ ದಂಡಕ್ಕೆ ಜಮಾ ಮಾಡಿಕೊಂಡರು, ಉಳಿದದ್ದು ಗುತ್ತಿಗೆದಾರನ ನಾಯಿಗಳ ಬೆಲೆಗೆ ಹೋಯಿತು. ಯಾವ ಪ್ರಾಣಿಗೂ ಮಾರುವ ಊಟವನ್ನು ಅವಳು ಇನ್ನು ಮಾಡುವಂತಿಲ್ಲ ಎಂದು ಬರೆದರು. ಅದರ ಮೇಲೆ ಹದಿನೆಂಟು ತಿಂಗಳು ಜೈಲು. ಗಿರಣಿ ನಡೆಸಿದ ವರ್ಷಕ್ಕೊಂದು ತಿಂಗಳ ಲೆಕ್ಕ ಎಂದು ಅವಳೇ ಹಾಕಿಕೊಂಡಳು. ಮುದುಕಿ ಬದುಕಿದಳು. ಬದುಕಿ, ಹಿರಿಸೊಸೆಯ ಹೆಸರು ಎತ್ತಿದರೆ ಉಗಿಯುತ್ತಾಳೆ. ಅಕೇಯೊ ಮಾತ್ರ ದಿನಾ ಮಧ್ಯಾಹ್ನ ಹೊಟ್ಟೆ ಹೊತ್ತುಕೊಂಡು ಜೈಲಿನ ಗೇಟಿನವರೆಗೆ ಬರುತ್ತಾಳೆ. ಅಮೋಂಡಿಯನ್ನು ನೋಡಲು ಒಳಗೆ ಹೋಗುವುದಿಲ್ಲ, ಅಷ್ಟು ಮನಸ್ಸು ಇನ್ನೂ ಬಂದಿಲ್ಲ. ಗೇಟಿನ ಹೊರಗೆ ನಾಯಿಯಿದೆ, ಅದಕ್ಕೆ ಮುದ್ದೆ ಹಾಕಿ ಹೋಗುತ್ತಾಳೆ. ಅದು ಗೇಟು ಬಿಟ್ಟು ಅಲ್ಲಾಡುವುದಿಲ್ಲ. ಕಾವಲಿನವರು ಅದನ್ನು ಹೆಸರು ಹಿಡಿದು ಕರೆದಾಗಲೆಲ್ಲ ಗೋಡೆಯ ಒಳಗೆ ಒಬ್ಬಳು ಕೆಲಸ ನಿಲ್ಲಿಸಿ ನಿಲ್ಲುತ್ತಾಳಂತೆ.

ಈಗ ವಿಷಯ ಏನೆಂದರೆ, ನಿನ್ನೆಯಿಂದ ಅಕೇಯೊಗೆ ಹೆರಿಗೆ ನೋವು. ನಾಯಿಗೆ ಹಾಕುವವರಿಲ್ಲ. ಇಷ್ಟು ಹೊತ್ತು ಕಾಲು ಚಾಚಿಕೊಂಡು ಪುಕ್ಕಟೆ ಕೇಳಿದಿರಿ, ಇವತ್ತಿನ ಸರದಿ ನಿಮ್ಮದು. ಏಳಿ, ಒಳಗೆ ಹೋಗಿ ನಿಮ್ಮ ಒಲೆಯ ಮೇಲಿರುವುದನ್ನು ಒಂದು ತಟ್ಟೆ ತುಂಬ ತನ್ನಿ. ಎರಡು ತಟ್ಟೆಯಾದರೆ ನಾನೂ ಬೇಡ ಎನ್ನುವವನಲ್ಲ. ಆದರೆ ಮೊದಲ ತುತ್ತು ನನ್ನೆದುರಿಗೇ ನೀವು ತಿನ್ನಬೇಕು. ಯಾಕೆ ಎಂದು ನನ್ನನ್ನು ಕೇಳಬೇಡಿ. ನಿಮಗೆ ಗೊತ್ತು.